ಹಿಟ್ಟು ತಿಂದು ತೋರಿಸಿದ ನರ್ಸಬಾಯಿ

ಅವರ ತುಟಿಯಂಚಿಗೆ ಯಾವಾಗಲೂ ಹಳದಿ ಹಿಟ್ಟು ಅಂಟಿಕೊಂಡಿರುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಮನೆಯ ಬಾಗಿಲು ಬರುತ್ತಿತ್ತು. ಅಲ್ಲಿ ಮತ್ತೆ ಡಬ್ಬಿ ತೆಗೆದು, ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು, "ನೋಡ್ರೆವ್ವಾ, ನಾನೂ ತಿಂದೇನಿ. ಏನರ ಆತೇನು?" ಎನ್ನುತ್ತಿದ್ದರು. ನಮ್ಮ ಹೊರ್ತಿ ಊರಿನ ನರ್ಸಬಾಯಿ ಒಂದು ಕಡೆ ಕೂತದ್ದನ್ನು ನಾನಂತೂ ಕಂಡಿಲ್ಲ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಪರದೇಶದ ಯಾವುದೋ ಊರಿನ ಜನ ತಮ್ಮ ದೊಡ್ಡ ಹಬ್ಬಕ್ಕೆ ದಾನ ಕೂಡಿಸಿ, ಕಂಡು ಕೇಳದ ನಮ್ಮಂಥ ಬಡ ಬಾಣಂತಿಯರಿಗೆ ಅಂತ ಗೋವಿನಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ ಹಿಟ್ಟು ಕಳಿಸಿದ್ದರು. ತಾಲೂಕಿನ ಊರಾದ ಇಂಡಿಯಿಂದ ಜೀಪಿನಲ್ಲಿ ಬಂದ ಡಬ್ಬಿಗಳನ್ನು ಹಂಚುವುದು ನರ್ಸಬಾಯಿಯ ಪಾಲಿಗೆ ಬಂತು. ಆದರೆ ಹೆಂಗಸರನ್ನು ಆಪರೇಶನ್ನಿಗೆ ಹೊರಡಿಸುವವರೂ ಅವರೇ! ನಿನ್ನೆ 'ಮಕ್ಕಳು ಸಾಕು' ಅಂದ ಬಾಯಿ ಇವತ್ತು 'ಹಿಟ್ಟು ತಿನ್ನು' ಅಂದರೆ ಯಾರು ನಂಬುತ್ತಾರೆ? ಅದರಲ್ಲಿ ಬಸಿರು ನಿಲ್ಲಿಸುವ ಮದ್ದು ಕಲಸಿದ್ದಾರೆ ಎಂದು ಊರೆಲ್ಲ ಗುಲ್ಲೆದ್ದಿತು. ಡಬ್ಬಿಯ ಮೇಲೊಂದು ಚೂಪು ತುದಿಯ ಗಿಡದ ಚಿತ್ರ ಬೇರೆ ಇತ್ತು.

"ಇದs ನೋಡ್ರಿ ಆ ಮದ್ದಿನ ಗಿಡಾ!" ಎಂದು ನನ್ನ ಅತ್ತೆ ಬೆರಳಿಟ್ಟು ತೋರಿಸಿದರು.

"ಯವ್ವಾ, ಅದು ಅವರ ಹಬ್ಬದ ಗಿಡರಿ. ನಮಗ ದಸರಾಕ್ಕ ಬನ್ನಿ ಗಿಡ ಇರಂಗಿಲ್ಲೇನ್ರಿ, ಹಂಗ."

"ಬನ್ನಿ ಗಿಡದ ಚಿತ್ರಾ ನಾವು ಹಿಟ್ಟಿನ ಡಬ್ಬಿ ಮ್ಯಾಲ ಹಾಕ್ತೇವೇನ್ರಿ, ಬಾಯಾರ?"

ಪಾಪ, ನರ್ಸಬಾಯಿ ತಿಂದು ತೋರಿಸಲು ಶುರುಮಾಡಿದ್ದು ಆಮೇಲೆಯೇ. ಅದೂ ಉಲ್ಟಾ ಹೊಡೆಯಿತು. ಏಕೆಂದರೆ ಅವರಿಗೆ ಮಕ್ಕಳಿರಲಿಲ್ಲ. "ಅದನ್ನ ತಿಂದs ಹಿಂಗ ಆಗ್ಯಾಳ" ಎಂದು ಹೆಂಗಸರು ಅವರ ಬೆನ್ನ ಹಿಂದೆ ಆಡಿಕೊಂಡರು, ಬರಬರುತ್ತ ಎದುರಿಗೇ ಅಂದರು. ನಾನಾಗಿದ್ದರೆ ಡಬ್ಬಿಯನ್ನು ಬೀದಿಗೆ ಬೀಸಾಕಿ ಬರುತ್ತಿದ್ದೆ. ಅವರು ಆ ಮಾತು ಕೇಳಿಸಿಕೊಂಡೂ ಮುಂದಿನ ಬಾಗಿಲಲ್ಲಿ ಮತ್ತೆ ತಿನ್ನುತ್ತಿದ್ದರು.

ನಾನು ಆಗ ಚೊಚ್ಚಲ ಬಾಣಂತಿ. ತವರಲ್ಲಿ ತಾಯಿ ಇಲ್ಲದ್ದರಿಂದ ಗಂಡನ ಮನೆಯಲ್ಲೇ ಹೆರಿಗೆಯಾಗಿತ್ತು. ಗಂಡ ಝಳಕಿಯಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದ. ಬಾಣಂತಿಯರಿಗೆ ಕೊಡುವ ಅಂಟಿನುಂಡಿಯ ಮಾತು ದೂರ ಉಳಿಯಿತು, ನೀರು ನೀರಾದ ಜೋಳದ ನುಚ್ಚಿನಲ್ಲೇ ನನ್ನ ಬಾಣಂತನ. ಎದೆಹಾಲು ಬತ್ತುತ್ತ ಬಂತು. ಕೂಸು ಮೊದಮೊದಲು ಚೀರಿ ಅಳುತ್ತಿತ್ತು, ಆಮೇಲೆ ಅಳುವುದನ್ನೇ ಬಿಟ್ಟಿತು. ಅದು ಸುಮ್ಮನಾದಷ್ಟೂ ನನ್ನ ಜೀವ ಚಡಪಡಿಸುತ್ತಿತ್ತು. ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಕೂರುತ್ತಿದ್ದೆ.

ನರ್ಸಬಾಯಿ ದಿನಾ ಬರುತ್ತಿದ್ದರು, ಅತ್ತೆ ದಿನಾ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಒಮ್ಮೆಯಂತೂ ಮುಖದ ಮೇಲೆಯೇ ಕದ ಹಾಕಿಕೊಂಡರು. ಅತ್ತೆ ಕೆಟ್ಟವರೇನಲ್ಲ. ಹೆದರಿದ್ದರು, ಅಷ್ಟೇ.

"ನನಗಿರಾಂವ ಒಬ್ಬನ ಮಗಾರಿ. ಸೊಸಿ ಹೊಟ್ಟಿ ಮುಚ್ಚಿಹೋದರ ನಮ್ಮ ವಂಶ ಎಲ್ಲಿಂದ ಬೆಳೀಬೇಕು?"

ಕೊನೆಗೊಂದು ದಿನ ನರ್ಸಬಾಯಿಯ ತಾಳ್ಮೆ ಹರಿಯಿತು. "ಮುಂದ ಹುಟ್ಟೂ ಕೂಸಿನ ಕಾಳಜಿ ಮಾಡಾಕತ್ತೀರಿ, ಹುಟ್ಟಿದ್ದು ಕೈಬಿಟ್ಟು ಹೊಂಟೈತಿ, ಅದು ಕಾಣವಲ್ದೇನ್ರಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ದನಿ ತಗ್ಗಿತು. "ನನಗ ಮಕ್ಕಳಿಲ್ಲದ್ದು ಹಿಟ್ಟಿನ ತಪ್ಪಲ್ಲರಿ. ಹಿಟ್ಟು ಬಂದಿದ್ದು ಈ ವರ್ಷ. ನನ್ನ ಹಣೇಬರಾ ಭಾಳ ಹಿಂದಿಂದು."

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಡಬ್ಬಿ ಕಸಿದುಕೊಂಡು ಒಣ ಹಿಟ್ಟನ್ನೇ ಬೊಗಸೆ ತುಂಬ ಮುಕ್ಕಿದೆ. ಅಂಗುಳಕ್ಕೆ ಮೆತ್ತಿಕೊಂಡು ಉಸಿರು ಕಟ್ಟಿತು. "ಅಯ್ಯ ಶಿವನs!" ಎಂದು ನೀರು ತಂದು ಕುಡಿಸಿದವರು ಅದೇ ಅತ್ತೆ. ನೆನೆಸಿಕೊಂಡರೆ ಈಗ ನಗು ಬರುತ್ತದೆ.

ಅಂದಿನಿಂದ ನರ್ಸಬಾಯಿ ದಿನಾ ಬಂದು ಬೆಲ್ಲ ಹಾಕಿ ಗಂಜಿ ಕಾಸಿ, ನಾನು ಬಟ್ಟಲು ಬರಿದು ಮಾಡುವವರೆಗೆ ಕದಲುತ್ತಿರಲಿಲ್ಲ. ನಿಧಾನವಾಗಿ ಎದೆಗೆ ಹಾಲು ಇಳಿಯಿತು. ಒಂದು ಮುಂಜಾನೆ ಕೂಸು ಹಸಿದು ಮನೆ ಹಾರಿಹೋಗುವಂತೆ ಚೀರಿದಾಗ ನಾನು ಸಂತೋಷಕ್ಕೆ ಗಳಗಳನೆ ಅತ್ತುಬಿಟ್ಟೆ.

ಆದರೂ ಯಾರೂ ಹಿಟ್ಟು ಮುಟ್ಟಲಿಲ್ಲ. ಊರ ಕಣ್ಣೆಲ್ಲ ನನ್ನ ಹೊಟ್ಟೆಯ ಮೇಲೆ. ಕೂಸು ಹಾಲು ಬಿಟ್ಟ ಮೇಲೆ ನರ್ಸಬಾಯಿಗೂ ಅದೇ ಧ್ಯಾನ. ಕಂಡಕಂಡ ಹೆಂಗಸರಿಗೆ 'ಸಾಕು' ಎನ್ನುವವರು ನನ್ನ ಹತ್ತಿರ ಬಂದು, "ಏನರ ಐತೇನವಾ?" ಎಂದು ಪಿಸುಗುಟ್ಟುತ್ತಿದ್ದರು! ನೀರಿನ ಕಟ್ಟೆಯ ಹತ್ತಿರ ನನಗೆ ವಾಂತಿಯಾದ ದಿನ ಅವರು ಸುದ್ದಿ ಹೇಳುತ್ತ ಓಣಿ ಓಣಿ ಓಡಿದರು. ಮುಂದಿನ ಹಬ್ಬದ ಡಬ್ಬಿಗಳು ಬಂದಾಗ ಹೆಂಗಸರು ತಾವಾಗಿಯೇ ಅವರ ಬಾಗಿಲಿಗೆ ಹೋಗಿ ನಿಂತರು.

ಆಮೇಲೆ ಅವರಿಗೆ ನಾಲತವಾಡಕ್ಕೆ ವರ್ಗವಾಯಿತು. ಅಲ್ಲೇ ಉಳಿದರು, ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ನನ್ನ ಹಿರಿಮಗನಿಗೆ ಮೀಸೆ ಬಂದಿತ್ತು. ನಡು ಬಾಗಿದ ಅತ್ತೆಯೂ ಹಟ ಹಿಡಿದು ನಮ್ಮ ಜೊತೆ ಬಸ್ ಹತ್ತಿದರು. ನಾವು ಹೋದಾಗ ಮಣ್ಣಿಗೆ ಒಯ್ಯುವ ಹೊತ್ತು. "ಹೆಗಲು ಕೊಡಾಕ ಮಕ್ಕಳು ಯಾರೂ ಇಲ್ಲೇನ್ರಿ?" ಎಂದು ಹಿರಿಯರೊಬ್ಬರು ಕೇಳುತ್ತಿದ್ದರು.

ಅತ್ತೆ ನನ್ನ ಮಗನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ನೂಕಿದರು. "ಹೋಗೋ ತಮ್ಮಾ, ಹೆಗಲು ಕೊಡು. ನಾ ಬಾಗಲಾ ಹಾಕಿದಾಗ ನಿನ್ನ ಬದುಕಿಸಿದ ಅವ್ವ ಆಕಿ."

ಮಗ ಹೋಗಿ ಹೆಗಲು ಕೊಟ್ಟ.