ಅಕ್ಕ ‘ಹೂಂ’ ಅನ್ನದ ದಿನ

ನಾನು ಚಿಕ್ಕವನಿದ್ದಾಗ ಅಂದರೆ ಚಡ್ಡಿ ಜಾರಿಸಿಕೊಂಡು ಓಡುವ ಹುಡುಗನನ್ನು ನೆನೆಸಿಕೊಳ್ಳಬೇಡಿ ಮಕ್ಕಳೇ. ಆಗ ನನಗೆ ಚಿಗುರು ಮೀಸೆ ಬಂದಿತ್ತು, ಹಾಸನದ ಕಾಲೇಜಿಗೂ ಸೇರಿದ್ದೆ. ಆದರೂ ಆ ಊರಿನಲ್ಲಿ ನನ್ನಷ್ಟು ಚಿಕ್ಕವನು ಇನ್ನೊಬ್ಬನಿಲ್ಲ ಅನ್ನಿಸುತ್ತಿತ್ತು.

ನಮ್ಮದು ಹೊಳೆನರಸೀಪುರದ ಕಡೆಯ ಹಳೇಕೋಟೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ಅಕ್ಕ, ನಾನು ಮೂವರೇ. ಓದು ಅಂದರೆ ನಮ್ಮಲ್ಲಿ ಗಟ್ಟಿಯಾಗಿಯೇ ಓದಬೇಕು. ಕೊಟ್ಟಿಗೆಯಲ್ಲಿದ್ದ ಅಪ್ಪನಿಗೂ ಕೇಳಬೇಕು, ದನಿ ನಿಂತರೆ, “ಯಾಕ್ಲಾ, ತೂಕಡಿಸ್ತಿದ್ದೀಯಾ?” ಅಂತ ಗದರುತ್ತಿದ್ದರು. ಒಲೆ ಮುಂದೆ ಕೂತ ಅಕ್ಕ ಮಾತ್ರ, ಕಥೆ ಕೇಳುವವಳ ಹಾಗೆ, ಸಾಲುಸಾಲಿಗೂ ‘ಹೂಂ’ ಅನ್ನುತ್ತಿದ್ದಳು. ಸೌದೆಯ ಹೊಗೆ, ಮುದ್ದೆ ತೊಳಸುವ ಸದ್ದು, ನಡುನಡುವೆ ಆ ಹೂಂ. ಅದರಲ್ಲೇ ನಾನು ಹೈಸ್ಕೂಲು ದಾಟಿದ್ದೆ.

ಹಾಸನದ ಬಾಡಿಗೆ ಕೋಣೆಯಲ್ಲಿ ಬಾಯಿ ತೆರೆದ ಮೊದಲ ದಿನವೇ ಜೊತೆಯ ಹುಡುಗ, “ಲೇ, ಬಾಯ್ ಮುಚ್ಕಂಡ್ ಓದ್ಲಾ, ಇದೇನು ಸಂತೇನಾ?” ಅಂದ. ಬಾಯಿ ಮುಚ್ಚಿದೆ, ಓದೂ ನಿಂತುಹೋಯಿತು. ಪುಸ್ತಕಗಳೆಲ್ಲ ಇಂಗ್ಲಿಷಿನವು. ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ತಲೆಗೆ ಏನೂ ಇಳಿಯುತ್ತಿರಲಿಲ್ಲ. ಮೊದಲ ಟೆಸ್ಟಿನಲ್ಲಿ ಫೇಲಾದೆ. ಸಂಜೆಯಾದರೆ ಬಸ್ ಸ್ಟ್ಯಾಂಡಿಗೆ ಹೋಗಿ ನಮ್ಮ ಕಡೆಯ ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತಾ ನಿಲ್ಲುತ್ತಿದ್ದೆ. ಒಬ್ಬರೂ ಗುರುತಿನವರಿರುತ್ತಿರಲಿಲ್ಲ. ಅಲ್ಲೇ ಕಂಬಕ್ಕೆ ಒರಗಿ ಅತ್ತದ್ದೂ ಉಂಟು.

ಕೊನೆಗೊಂದು ಶನಿವಾರ ಟ್ರಂಕಿನ ಸಮೇತ ಊರಿನ ಬಸ್ಸು ಹತ್ತಿದೆ. ಸೋಮವಾರ ಮತ್ತೊಂದು ಟೆಸ್ಟಿತ್ತು. ಬರೆಯುವುದಿಲ್ಲ, ಕಾಲೇಜೇ ಬೇಡ ಅಂತ ಅಪ್ಪನಿಗೆ ಹೇಳಿಬಿಡುವುದು ಅಂತ ನಿಶ್ಚಯ ಮಾಡಿದ್ದೆ.

ಅವರೆಕಾಯಿ ಕಾಲ. ಬೀದಿಯೆಲ್ಲ ಸೊಗಡಿನ ವಾಸನೆ. ಅಕ್ಕ ಜಗಲಿಯ ಮೇಲೆ ಕೂತು, ನೀರಿನಲ್ಲಿ ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಹಿದುಕುತ್ತಿದ್ದಳು. ಬೆರಳು ಒತ್ತಿದರೆ ಸಿಪ್ಪೆಯಿಂದ ಕಾಳು ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ಟ್ರಂಕು ನೋಡಿದಳು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅಪ್ಪ, “ಸ್ವಾಮಾರ ಪರೀಕ್ಷೆ ಅಂತ ಕಾಗ್ದ ಬರ್ದಿದ್ದೆ? ಓದ್ಕೋ ಓಗು” ಅಂದರು. ಪುಸ್ತಕ ತೆಗೆದು ಅಕ್ಕನ ಪಕ್ಕ ಕೂತು, ಬಹಳ ದಿನದ ಮೇಲೆ ಗಟ್ಟಿಯಾಗಿ ಓದತೊಡಗಿದೆ.

“ಅಂಗ್ ಓದ್ಬೇಕು ಕಣ!” ಅಂತ ಅಪ್ಪ ತಲೆದೂಗಿ ಹೊಲಕ್ಕೆ ಹೋದರು. ಅಕ್ಕ ಹೂಂ ಅನ್ನಲಿಲ್ಲ. ಒಂದು ಪುಟ ಮುಗಿಯಿತು, ಇನ್ನೊಂದು ಮುಗಿಯಿತು. ಅವಳು ಕಾಳು ಹಿದುಕುತ್ತಲೇ ಇದ್ದಳು. ಮನೆಗೆ ಬಂದರೂ ಒಂಟಿಯೇ ಆದೆನಲ್ಲ ಅನ್ನಿಸಿತು.

“ಯಾಕಕ್ಕ, ಹೂಂ ಅನ್ನಲ್ಲ?”

“ನಂಗೇನೂ ತಿಳೀನಿಲ್ಲ ಕಣ್ಲಾ. ನಿಂಗ್ ತಿಳೀತಾ?”

ನನಗೂ ತಿಳಿದಿರಲಿಲ್ಲ. ಬಾಯಿಪಾಠವನ್ನೇ ಓದು ಅಂದುಕೊಂಡಿದ್ದೆ. ಪುಟ್ಟ ಮಗುವಿನ ಹಾಗೆ ಅತ್ತುಬಿಟ್ಟೆ, ಕಾಲೇಜು ಬಿಡುವ ಮಾತನ್ನೂ ಆಡಿದೆ. ಅಕ್ಕ ಒದ್ದೆ ಕೈಯಲ್ಲೇ ಪುಸ್ತಕ ಮುಚ್ಚಿ, “ಆಮ್ಯಾಕ್ ಬಿಡೀವಂತೆ. ಅದ್ರಾಗೇನೈತೆ ಅಂತ ಮೊದ್ಲು ನಂಗೇಳು” ಅಂದಳು.

ಗಿಡದ ಬೇರು ನೀರು ಹೀರುವ ಪಾಠ ಅದು. ಹೇಗೆ ಹೇಳಲಿ? ಇನ್ನೂ ಹಿದುಕದ, ನೆನೆದು ಉಬ್ಬಿದ ಅವರೆಕಾಳೊಂದನ್ನು ಎತ್ತಿಕೊಂಡು, “ನೋಡಕ್ಕ, ನೀರು ಸಿಪ್ಪೆ ದಾಟಿ ಒಳಕ್ಕೆ ಹೋಗೈತೆ” ಅಂದೆ. ಹೂಂ ಅಂದಳು. “ಯಾಕ್ ಓಯ್ತು?” ಅಂತ ಕೇಳಿದಳು. ಪುಸ್ತಕ ತೆರೆದು ಹುಡುಕಿದೆ, ಮತ್ತೆ ಮುಚ್ಚಿ ಹೇಳಿದೆ: “ಒಳಗೆ ಸತ್ವ ಜಾಸ್ತಿ, ನೀರು ಕಮ್ಮಿ. ಕಮ್ಮಿ ಇರೋ ಕಡೀಕೆ ನೀರು ನುಗ್ಗುತ್ತೆ.” ಆಗ ಬಂತು ನೋಡಿ, ಉದ್ದನೆಯ ಹೂಂ! ಕತ್ತಲಾಗುವ ತನಕ ಹಾಗೇ ನಡೆಯಿತು. ಅವಳ ಹೂಂ ನಿಂತ ಕಡೆಯೆಲ್ಲ ನನ್ನ ತಿಳಿವಳಿಕೆಯೂ ನಿಂತಿತ್ತು.

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೇ ಟ್ರಂಕು ಹೊತ್ತು ಹಾಸನಕ್ಕೆ ಹಿಂತಿರುಗಿದೆ. ಟೆಸ್ಟು ಬರೆದು ಪಾಸಾದೆ. ಮುಂದೆ ಬಂದ ಬೇಸಿಗೆಯಲ್ಲಿ ಅಕ್ಕನ ಮದುವೆಯಾಗಿ ಅವಳು ಅರಕಲಗೂಡು ಸೇರಿದಳು. ಆಮೇಲೆ ನಾನು ದಿನಾ ಕ್ಲಾಸು ಮುಗಿದ ಮೇಲೆ ಖಾಲಿ ಬೆಂಚಿನ ಮುಂದೆ ಕೂತು, ಪುಸ್ತಕ ಮುಚ್ಚಿ, ಅವಳಿಗೇ ಹೇಳುವ ಹಾಗೆ ಪಾಠ ಹೇಳುತ್ತಿದ್ದೆ. ಹೂಂ ಅನ್ನುವ ಕೆಲಸವೂ ನನ್ನದೇ. ಹಾಗೆಯೇ ಡಿಗ್ರಿ ಮುಗಿಸಿದೆ, ತುಂಬ ಒಂಟಿಯಾಗಿ.

ಈಗ ನೀವು ಕಾಲೇಜಿಗೆ ಹೋಗುತ್ತೀರಿ. ಕಿವಿಗೆ ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿ ಓದುತ್ತೀರಿ. ತಿಳಿಯದಿದ್ದರೆ ಮೊಬೈಲು ಬೇಸರಪಡದೆ ಮತ್ತೆ ಮತ್ತೆ ಹೇಳುತ್ತದೆ, ನಿಮ್ಮಿಂದ ಮಾತ್ರ ಏನನ್ನೂ ಹೇಳಿಸುವುದಿಲ್ಲ. ಅಕ್ಕನಿಗೋ ಈಗ ಕಿವಿ ಕೇಳಿಸದು. ಫೋನಿನಲ್ಲಿ ನಾನು ಏನು ಹೇಳಿದರೂ ಹೂಂ ಅನ್ನುತ್ತಾಳೆ. ತಿಳಿದು ಅಂದ ಹೂಂ ಅಲ್ಲ ಅದು, ನನಗೆ ಗೊತ್ತಾಗುತ್ತದೆ.

ಬಾಗಿಲು ಒಂಚೂರು ತೆರೆದಿಡಿ ಮಕ್ಕಳೇ. ನಾನು ಹೊರಗೆ ಅವರೆ ಹಿದುಕುತ್ತಾ ಕೂತಿರುತ್ತೇನೆ. ಪುಸ್ತಕ ಮುಚ್ಚಿ ಬಂದು ಹೇಳಿ. ತಿಳಿಯದಿದ್ದರೆ ನಾನೂ ಹೂಂ ಅನ್ನುವವನಲ್ಲ.