ನಿಮ್ಮನ್ನ ಕೇಳಿಲ್ರೀ

ಮುಂಬಯಿಯ ಮುಲುಂಡಿನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯವರು ವಿಜಾಪುರದ ಕಡೆಯ ಬಾಲವಾಡಿ ಟೀಚರ್. ಮೂರು ತುಂಬಿದರೂ ಮಾತಾಡದ ನನ್ನ ಮಗಳನ್ನು ಸಂಜೆ ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ತೆರೆಯುತ್ತಿದ್ದರು. ಕಾಗೆಯ ಮೇಲೆ ಬೆರಳಿಟ್ಟು, “ಇದೇನವ್ವಾ?” ಎಂದು ಕೇಳಿ ಸುಮ್ಮನಾಗುತ್ತಿದ್ದರು. ಆ ಮೌನ ತಡೆಯಲಾರದೆ ನಾನೇ “ಕಾಗೆ” ಎನ್ನುತ್ತಿದ್ದೆ. ಅವರು ತಲೆ ಎತ್ತದೆ ನನ್ನತ್ತ ಅಂಗೈ ತೋರಿಸಿ, “ನಿಮ್ಮನ್ನ ಕೇಳಿಲ್ರೀ” ಎನ್ನುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೂ ಅವರ ಬೆರಳು ಕಾಗೆಯ ಮೇಲಿಂದ ಕದಲುತ್ತಿರಲಿಲ್ಲ.

ಒಂದು ದಿನ ಲಿಫ್ಟಿನ ಬಳಿ ಹೊಸ ವಾಚ್‌ಮನ್ ಬಗ್ಗಿ ಮಗಳನ್ನು, “ನಾಮ್ ಕ್ಯಾ ಹೈ ಬೇಟಾ?” ಎಂದು ಕೇಳಿದ. ಎಂದಿನಂತೆ ನಾನು ಬಾಯಿ ತೆರೆದೆ. ಮಗಳು ನನ್ನತ್ತ ಪುಟ್ಟ ಅಂಗೈ ಎತ್ತಿ, “ಕೇಳಿಲ್ರೀ” ಎಂದಳು.

ತುಳು ಮಾತಾಡುವ ನಮ್ಮ ಮನೆಯ ಮಗುವಿನ ಮೊದಲ ಮಾತು, ಅಚ್ಚ ವಿಜಾಪುರದ್ದು.