ಹದಿನೆಂಟು ಭಾಗ ನೀರು

ಇವತ್ತು ಬಾಗೇವಾಡಿಯ ಓಣಿಯಲ್ಲಿ ಯಾರೋ ನೀರು ಹಾಕಿ ಸುಣ್ಣ ಅರಳಿಸುತ್ತಿದ್ದರು. ಆ ಬಿಸಿ ವಾಸನೆಗೆ ನಡೆಯುತ್ತಿದ್ದವಳು ನಿಂತುಬಿಟ್ಟೆ.

ಇಂಗಳೇಶ್ವರದಲ್ಲಿ ದಸರೆಗೆ ಮುಂಚೆ ನಮ್ಮ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಗೋಡೆಗೆ ಹಚ್ಚಲು ಸುಟ್ಟ ಸುಣ್ಣದ ಹರಳನ್ನು ತುಂಬಾ ನೀರಿನಲ್ಲಿ ಮುಳುಗಿಸಿ ದೂರ ನಿಲ್ಲುತ್ತಿದ್ದಳು. ನಾನಾಗ ಹೈಸ್ಕೂಲಿನಲ್ಲಿ ಮೋಲ್ ಲೆಕ್ಕ ಕಲಿತಿದ್ದೆ. ಸಿಕ್ಕ ವಿಚಾರವಾದಿ ಕರಪತ್ರಗಳನ್ನೆಲ್ಲ ಓದಿ, ಹಿರಿಯರ ರೂಢಿಗಳೆಲ್ಲ ಮೌಢ್ಯ ಎಂದು ನಂಬಿದ್ದೆ.

“ಆಯಿ, ಐವತ್ತಾರು ಭಾಗ ಸುಣ್ಣಕ್ಕ ಹದಿನೆಂಟು ಭಾಗ ನೀರು ಸಾಕು. ಸಮೀಕರಣ ಹಂಗ ಹೇಳ್ತೈತಿ.”

“ನಿನ್ನ ಸಮೀಕರಣ ಎಂದಾದ್ರೂ ಗ್ವಾಡಿಗೆ ಸುಣ್ಣ ಹಚ್ಚೈತೇನ?” ಎಂದು ನಕ್ಕರೂ, ನಾನು ಅಳೆದು ಕೊಟ್ಟಷ್ಟೇ ನೀರು ಸುರಿದಳು.

ನೀರು ಕುದಿದು ಆವಿಯಾಯಿತು. ಹರಳು ಸಿಡಿದು ಆಯಿಯ ಕಣ್ಣಿಗೆ ಹಾರಿತು. ಸಮೀಕರಣವನ್ನು ಸರಿದೂಗಿಸಿದ್ದ ನಾನು ಹೊರಬೀಳುವ ಶಾಖವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ; ಆಯಿ ಹಾಕುತ್ತಿದ್ದ ಹೆಚ್ಚಿನ ನೀರು ಆ ಶಾಖವನ್ನು ಹೀರಲೆಂದೇ ಇತ್ತು. ಅವ್ವ ಕೊಡಗಟ್ಟಲೆ ನೀರಿನಿಂದ ಕಣ್ಣು ತೊಳೆದು ದವಾಖಾನೆಗೆ ಕರೆದೊಯ್ದಳು. ಕಣ್ಣಿನ ಪಟ್ಟಿ ಬಿಚ್ಚುವವರೆಗೆ ನಾನು ಆಯಿಯ ಪಕ್ಕ ಬಿಟ್ಟು ಏಳಲಿಲ್ಲ.

“ಕಾಣ್ತೈತೇನ ಆಯಿ?”

“ಕಾಣ್ತೈತಿ. ನಮ್ಮ ಶಾಣ್ಯಾಕಿ ಅಳಾಕತ್ತಾಳ.”

ಈಗ ಮೌಢ್ಯದ ವಿರುದ್ಧ ಕರಪತ್ರ ಬರೆಯುವವಳು ನಾನೇ. ಇವತ್ತೂ ಒಂದು ರೂಢಿಯ ಹೆಸರು ಬರೆದು ಪೆನ್ನು ಕೆಳಗಿಟ್ಟಿದ್ದೇನೆ. ಯಾಕೆ ಹಾಗೆ ಮಾಡುತ್ತೀರಿ ಎಂದು ಆ ರೂಢಿ ಪಾಲಿಸುವವರನ್ನು ಒಮ್ಮೆಯಾದರೂ ಕೇಳಿದ್ದೇನೆಯೇ?